ನೇಮಿಸುವ ಅಧಿಕಾರ ಇದೆ, ತೆಗೆಯುವ ಅಧಿಕಾರ? ಜಾನ್ಸನ್–ಸ್ಟಾಂಟನ್ ಜಗಳದ ಅಧ್ಯಯನ ಟಿಪ್ಪಣಿ

ಅಮೆರಿಕದ ಸಂವಿಧಾನ ಓದುವಾಗ ನಾನು ಮೊದಲು ಎಡವಿದ್ದು ಇಲ್ಲೇ. ಎರಡನೇ ವಿಧಿಯ ಎರಡನೇ ಸೆಕ್ಷನ್ನಿನಲ್ಲಿ ಅಧಿಕಾರಿಗಳನ್ನು ನೇಮಿಸುವುದು ಹೇಗೆ ಅಂತ ಬರೆದಿದೆ. ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ (ಅಲ್ಲಿನ ಮೇಲ್ಮನೆ) ಒಪ್ಪಬೇಕು. ಸಣ್ಣ ಹುದ್ದೆಗಳಾದರೆ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಆ ಅಧಿಕಾರವನ್ನು ಅಧ್ಯಕ್ಷರೊಬ್ಬರಿಗೇ, ನ್ಯಾಯಾಲಯಗಳಿಗೆ, ಇಲ್ಲವೇ ಇಲಾಖೆಯ ಮುಖ್ಯಸ್ಥರಿಗೆ ಬಿಟ್ಟುಕೊಡಬಹುದು. ಇಲ್ಲಿವರೆಗೆ ಸರಿ. ಹೀಗೆ ನೇಮಕವಾದವರನ್ನು ತೆಗೆಯುವುದು ಹೇಗೆ? ಹಿಂದೆ ಮುಂದೆ ಪುಟ ತಿರುವಿ ಹುಡುಕಿದೆ. ಮಹಾಭಿಯೋಗದ ಮಾತು ಬಿಟ್ಟರೆ ಬೇರೇನೂ ಇಲ್ಲ.

ನೇಮಿಸಲು ಸೆನೆಟ್ ಒಪ್ಪಿಗೆ ಬೇಕು ಅಂದಮೇಲೆ ತೆಗೆಯಲೂ ಬೇಕಲ್ವಾ? ಈ ಪ್ರಶ್ನೆ ನಮ್ಮದೇ ಅಂತ ಬೀಗಬೇಡಿ. 1789ರಲ್ಲಿ ಮೊದಲ ಕಾಂಗ್ರೆಸ್ ವಿದೇಶಾಂಗ ಇಲಾಖೆ ಕಟ್ಟಲು ಕೂತಾಗಲೇ ಇದರ ಮೇಲೆ ಭಾರಿ ಚರ್ಚೆ ಆಯಿತು. ತೆಗೆಯುವ ಅಧಿಕಾರ ಅಧ್ಯಕ್ಷರದ್ದೇ ಅಂತ ಜೇಮ್ಸ್ ಮ್ಯಾಡಿಸನ್ ವಾದಿಸಿದರು. ಸೆನೆಟ್‌ನಲ್ಲಿ ಮತ ಸಮ ಆಯಿತು. ಉಪಾಧ್ಯಕ್ಷ ಜಾನ್ ಆಡಮ್ಸ್ ತಮ್ಮ ಮತ ಹಾಕಿ ಅಧ್ಯಕ್ಷರ ಕಡೆ ವಾಲಿಸಿದರು. ಅಂದರೆ ಒಂದೇ ಮತದ ಬಲದ ಮೇಲೆ ಈ ಪದ್ಧತಿ ನಿಂತಿತು. ಸಂವಿಧಾನಕ್ಕೆ ಮಾತ್ರ ಒಂದು ಸಾಲೂ ಸೇರಲಿಲ್ಲ.

ಈ ಖಾಲಿ ಜಾಗವನ್ನು ಗುರುತು ಮಾಡಿಟ್ಟುಕೊಳ್ಳಿ. ಮುಂದಿನ ಜಗಳವೆಲ್ಲ ಇಲ್ಲೇ ಹುಟ್ಟುತ್ತದೆ.

ಇನ್ನೊಂದು ಮಾತು. ಪತ್ರಿಕೆಗಳಲ್ಲಿ ಮಹಾಭಿಯೋಗಕ್ಕೆ ‘ವಾಗ್ದಂಡನೆ’ ಅಂತಲೂ ಬರೆಯುತ್ತಾರೆ. ಆ ಪದ ನೋಡಿದರೆ ಬರೀ ಬಾಯಲ್ಲಿ ಬೈದು ಬಿಟ್ಟಂತೆ ಕೇಳುತ್ತದೆ. ಹಾಗಲ್ಲ. ಕೆಳಮನೆ ಆರೋಪ ಹೊರಿಸುತ್ತದೆ, ಸೆನೆಟ್ ವಿಚಾರಣೆ ನಡೆಸುತ್ತದೆ. ಅಧಿಕಾರ ಹೋಗಬೇಕಾದರೆ ಹಾಜರಿರುವ ಸೆನೆಟರುಗಳಲ್ಲಿ ಮೂರನೇ ಎರಡರಷ್ಟು ಜನ ತಪ್ಪಿತಸ್ಥ ಅನ್ನಬೇಕು. ಮಹಾಭಿಯೋಗ ಆಯಿತು ಅಂದರೆ ಕುರ್ಚಿ ಹೋಯಿತು ಅಂತ ಅರ್ಥ ಅಲ್ಲ. ನಾನೂ ಬಹಳ ದಿನ ಇದನ್ನು ತಪ್ಪಾಗಿ ತಿಳಿದಿದ್ದೆ.

ಒಂದೇ ದಿನ, ಮೂರು ಕಾಯ್ದೆ

ಯುದ್ಧ ಖಾತೆಯ ಕಾರ್ಯದರ್ಶಿ (ನಮ್ಮಲ್ಲಿ ಸಚಿವ ಅಂದ ಹಾಗೆ) ಎಡ್ವಿನ್ ಸ್ಟಾಂಟನ್ ಪ್ರಕರಣವನ್ನು ‘ಅಧ್ಯಕ್ಷರು ಕಾರ್ಯದರ್ಶಿಯನ್ನು ತೆಗೆದರು, ಕಾಂಗ್ರೆಸ್ ಸಿಟ್ಟಾಯಿತು’ ಅಂತ ಓದಿದರೆ ಏನೂ ತಿಳಿಯುವುದಿಲ್ಲ. ಇಂಥ ಯಾವ ಜಗಳವನ್ನು ಓದುವಾಗಲೂ ನಾನು ಮೊದಲು ಕೇಳುವುದು ಒಂದೇ: ಆ ಕುರ್ಚಿಯಲ್ಲಿ ಕೂತವರು ಏನು ಕೆಲಸ ಮಾಡುತ್ತಿದ್ದರು? ಕಾನೂನಿನ ಪ್ರಶ್ನೆ ಆಮೇಲೆ.

1865ರ ಏಪ್ರಿಲ್‌ನಲ್ಲಿ ಲಿಂಕನ್ ಹತ್ಯೆಯಾಯಿತು. ಉಪಾಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅಧ್ಯಕ್ಷರಾದರು. ಅವರು ಟೆನ್ನೆಸ್ಸೀಯವರು, ಡೆಮಾಕ್ರಾಟ್. ಉತ್ತರ–ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ ಒಕ್ಕೂಟದ ಕಡೆ ನಿಂತರು ಅನ್ನುವ ಕಾರಣಕ್ಕೆ ರಿಪಬ್ಲಿಕನ್ನರು ಅವರನ್ನು 1864ರಲ್ಲಿ ಲಿಂಕನ್ ಜೊತೆ ಕಣಕ್ಕೆ ಇಳಿಸಿದ್ದರು. ಯುದ್ಧ ಮುಗಿದ ಮೇಲೆ ಬಣ್ಣ ಬೇರೆಯಾಯಿತು. ಸೋತ ದಕ್ಷಿಣದ ರಾಜ್ಯಗಳು ಬೇಗ ವಾಪಸ್ ಬರಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರ ಹಕ್ಕಿನ ವಿಷಯ ಆಯಾ ರಾಜ್ಯಗಳೇ ನೋಡಿಕೊಳ್ಳಲಿ ಅನ್ನುವುದು ಜಾನ್ಸನ್ ನಿಲುವು. ಕಾಂಗ್ರೆಸ್ ಇದಕ್ಕೆ ಸುತಾರಾಂ ಒಪ್ಪಲಿಲ್ಲ. 1866ರ ನಾಗರಿಕ ಹಕ್ಕುಗಳ ಮಸೂದೆಗೆ ಜಾನ್ಸನ್ ವೀಟೊ ಹಾಕಿದರು, ಕಾಂಗ್ರೆಸ್ ಅದನ್ನು ತಳ್ಳಿಹಾಕಿ ಕಾಯ್ದೆ ಮಾಡಿತು. ಅದೇ ವರ್ಷ ಜಾನ್ಸನ್ ತಮಗಾಗದ ನೂರಾರು ಪೋಸ್ಟ್‌ಮಾಸ್ಟರುಗಳನ್ನು ತೆಗೆದು ತಮ್ಮವರನ್ನು ಕೂರಿಸಿದರು.

ಕಾಂಗ್ರೆಸ್ ತಿರುಗಿ ಕೊಟ್ಟ ಏಟು 1867ರ ಮಾರ್ಚ್ 2ರದ್ದು. ಆ ಒಂದೇ ದಿನ ಮೂರು ಕಾನೂನು ಬಂದವು. ಒಂದು, ಪುನರ್ನಿರ್ಮಾಣ ಕಾಯ್ದೆ. ದಕ್ಷಿಣದ ಹತ್ತು ರಾಜ್ಯಗಳನ್ನು ಐದು ಸೇನಾ ಜಿಲ್ಲೆಗಳಾಗಿ ಹಂಚಿತು. ಎರಡು, ಸೇನೆಗೆ ಹೋಗುವ ಆದೇಶವೆಲ್ಲ ಸೇನಾ ಮುಖ್ಯಸ್ಥ ಜನರಲ್ ಗ್ರಾಂಟ್ ಮೂಲಕವೇ ಹೋಗಬೇಕು, ಸೆನೆಟ್ ಒಪ್ಪದೆ ಅವರನ್ನು ತೆಗೆಯುವಂತಿಲ್ಲ ಅನ್ನುವ ಷರತ್ತು. ಇದನ್ನು ಸೇನೆಯ ಖರ್ಚಿನ ಮಸೂದೆಯ ಬಾಲಕ್ಕೆ ಕಟ್ಟಿದ್ದರು. ಮೂರು, ಅಧಿಕಾರಾವಧಿ ಕಾಯ್ದೆ. ಸೆನೆಟ್ ಒಪ್ಪಿಗೆಯಿಂದ ನೇಮಕವಾದವರನ್ನು ಸೆನೆಟ್ ಒಪ್ಪಿಗೆ ಇಲ್ಲದೆ ತೆಗೆಯುವಂತಿಲ್ಲ.

ಮೂರನೆಯದನ್ನು ಮಾತ್ರ ಪ್ರತ್ಯೇಕವಾಗಿ ಉರು ಹೊಡೆಯುತ್ತೇವೆ, ಅದೇ ತಪ್ಪು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ದಕ್ಷಿಣ ಇರುವುದು ಸೇನೆಯ ಕೈಯಲ್ಲಿ. ಸೇನೆ ಯುದ್ಧ ಖಾತೆಯ ಕೈಯಲ್ಲಿ. ಆ ಖಾತೆಯ ಕಾರ್ಯದರ್ಶಿ ಸ್ಟಾಂಟನ್, ಕಾಂಗ್ರೆಸ್ಸಿನ ಕಡೆಯವರು. ಅಧ್ಯಕ್ಷರ ಸಂಪುಟದಲ್ಲೇ ಕೂತು ಅಧ್ಯಕ್ಷರ ನೀತಿಗೆ ಅಡ್ಡ ನಿಂತವರು. ಈಗ ಹೇಳಿ, ಜಗಳ ಸುಮ್ನೆ ಒಂದು ಹುದ್ದೆಗಾಗಿಯಾ?

ಬೀಗ, ಕೀಲಿ, ವಿಸ್ಕಿ

ಸೆನೆಟ್ ಬಿಡುವಿನಲ್ಲಿದ್ದಾಗ, 1867ರ ಆಗಸ್ಟ್ 12ರಂದು, ಜಾನ್ಸನ್ ಸ್ಟಾಂಟನ್ ಅವರನ್ನು ಅಮಾನತು ಮಾಡಿದರು. ಗಮನಿಸಿ, ವಜಾ ಅಲ್ಲ, ಅಮಾನತು. ಹೊಸ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇತ್ತು. ಗ್ರಾಂಟ್ ಅವರನ್ನೇ ಹಂಗಾಮಿಯಾಗಿ ಕೂರಿಸಿದರು. ಅದೇ ತಿಂಗಳು ಜಿಲ್ಲೆಗಳನ್ನು ನೋಡಿಕೊಳ್ಳುತ್ತಿದ್ದ ಶೆರಿಡನ್, ಸಿಕಲ್ಸ್ ಎಂಬ ಇಬ್ಬರು ಜನರಲ್‌ಗಳನ್ನೂ ಎತ್ತಂಗಡಿ ಮಾಡಿದರು. ಅವರ ಕಣ್ಣು ಎಲ್ಲಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ.

1868ರ ಜನವರಿ 13ರಂದು ಸೆನೆಟ್ 35–6 ಮತಗಳಿಂದ ಈ ಅಮಾನತನ್ನು ಒಪ್ಪಲಿಲ್ಲ. ಮರುದಿನ ಗ್ರಾಂಟ್ ಕಚೇರಿಗೆ ಬೀಗ ಹಾಕಿ, ಕೀಲಿಯನ್ನು ಅಲ್ಲಿನ ಅಧಿಕಾರಿಯ ಕೈಗಿಟ್ಟು ಹೊರಟುಬಿಟ್ಟರು. ಸ್ವಲ್ಪ ಹೊತ್ತಿಗೆ ಸ್ಟಾಂಟನ್ ಬಂದು ಅದೇ ಕೀಲಿ ಪಡೆದು ಒಳಗೆ ಹೋದರು. ಗ್ರಾಂಟ್ ತಮಗೆ ಮೋಸ ಮಾಡಿದರು ಅಂತ ಜಾನ್ಸನ್ ಕೆಂಡವಾದರು.

ಫೆಬ್ರವರಿ 21ರಂದು ಜಾನ್ಸನ್ ಅಮಾನತಿನ ದಾರಿ ಬಿಟ್ಟು ನೇರವಾಗಿ ವಜಾ ಮಾಡಿದರು. ಹಂಗಾಮಿ ಕಾರ್ಯದರ್ಶಿಯಾಗಿ ಜನರಲ್ ಲೊರೆಂಜೊ ಥಾಮಸ್ ಅವರನ್ನು ಕಳಿಸಿದರು. ಸ್ಟಾಂಟನ್ ಕುರ್ಚಿ ಬಿಡಲಿಲ್ಲ. ಸೆನೆಟರ್ ಚಾರ್ಲ್ಸ್ ಸಮ್ನರ್ ಸ್ಟಾಂಟನ್ ಅವರಿಗೆ ಒಂದೇ ಪದದ ಸಂದೇಶ ಕಳಿಸಿದರು, ‘ಅಂಟಿಕೊ’ ಅನ್ನುವ ಅರ್ಥದ್ದು. ಸ್ಟಾಂಟನ್ ಅಕ್ಷರಶಃ ಅಂಟಿಕೊಂಡರು. ಕಚೇರಿಯಲ್ಲೇ ಊಟ, ಅಲ್ಲೇ ನಿದ್ದೆ. ಥಾಮಸ್ ಅವತ್ತು ರಾತ್ರಿ ಮುಖವಾಡದ ನೃತ್ಯಕೂಟಕ್ಕೆ ಹೋಗಿದ್ದರು. ಬೆಳಗ್ಗೆ ತಿಂಡಿಗೂ ಮೊದಲೇ ಪೊಲೀಸರು ಬಂದರು. ಸ್ಟಾಂಟನ್ ದೂರು ಕೊಟ್ಟಿದ್ದರು. 5,000 ಡಾಲರ್ ಜಾಮೀನು ಕೊಟ್ಟು ಬಿಡಿಸಿಕೊಂಡ ಥಾಮಸ್ ಸೀದಾ ಯುದ್ಧ ಕಚೇರಿಗೆ ಹೋದರು. ಇಬ್ಬರೂ ‘ನಾನೇ ಕಾರ್ಯದರ್ಶಿ’ ಅಂತ ವಾದ ಮಾಡಿದರು. ಕೊನೆಗೆ ಥಾಮಸ್, ಇನ್ನೊಮ್ಮೆ ಹಿಡಿಸುವುದಾದರೆ ಏನಾದರೂ ತಿಂದಮೇಲೆ ಹಿಡಿಸಿ ಅಂದರಂತೆ. ಸ್ಟಾಂಟನ್ ಅವರ ಹೆಗಲ ಮೇಲೆ ಕೈ ಹಾಕಿ ವಿಸ್ಕಿ ತರಿಸಿದರು. ಇಬ್ಬರೂ ಹಂಚಿಕೊಂಡು ಕುಡಿದರು. ಇದು ಕಟ್ಟುಕಥೆ ಅಲ್ಲ, ಥಾಮಸ್ ಅವರೇ ಸೆನೆಟ್ ವಿಚಾರಣೆಯಲ್ಲಿ ಹೇಳಿದ್ದು.

ನಗು ಬರುತ್ತದೆ ನಿಜ. ಆದರೆ ಆ ಬಂಧನದಲ್ಲಿ ಒಂದು ಸೂಕ್ಷ್ಮ ಇದೆ. ಪ್ರಕರಣ ಕೋರ್ಟಿಗೆ ಹೋಗಲಿ, ಕಾಯ್ದೆ ಸಿಂಧುವೋ ಅಲ್ಲವೋ ಅಂತ ನ್ಯಾಯಾಧೀಶರೇ ಹೇಳಲಿ ಅನ್ನುವುದು ಜಾನ್ಸನ್ ಆಸೆ. ಥಾಮಸ್ ವಕೀಲರು ಅದೇ ದಾರಿ ಹಿಡಿದರು. ಎದುರಿನವರಿಗೆ ಇದು ಹೊಳೆದದ್ದೇ ತಡ, ಪ್ರಕರಣ ಅಲ್ಲಿಗೇ ಬಿದ್ದುಹೋಯಿತು. ಪ್ರಶ್ನೆ ಕೋರ್ಟು ಮುಟ್ಟಲೇ ಇಲ್ಲ.

ಕೆಳಮನೆ ಫೆಬ್ರವರಿ 24ರಂದು 126–47 ಮತಗಳಿಂದ ಜಾನ್ಸನ್ ಮೇಲೆ ಮಹಾಭಿಯೋಗ ಹೊರಿಸಿತು. ಒಟ್ಟು 11 ಆರೋಪ, ಜಾಸ್ತಿ ಪಾಲು ಸ್ಟಾಂಟನ್ ವಿಷಯದ್ದೇ. ಮೇ 16ರಂದು ಸೆನೆಟ್‌ನಲ್ಲಿ 35 ಮಂದಿ ತಪ್ಪಿತಸ್ಥ ಅಂದರು, 19 ಮಂದಿ ಅಲ್ಲ ಅಂದರು. ಬೇಕಿದ್ದದ್ದು 36. ಏಳು ರಿಪಬ್ಲಿಕನ್ನರು ಪಕ್ಷ ಬಿಟ್ಟು ಮತ ಹಾಕಿದ್ದರು. ಮೇ 26ರಂದು ಇನ್ನೆರಡು ಆರೋಪಗಳ ಮೇಲೂ ಅದೇ ಲೆಕ್ಕ ಬಂತು. ಅವತ್ತೇ ಸ್ಟಾಂಟನ್ ಕಚೇರಿ ಬಿಟ್ಟರು.

ಆ ಏಳು ಜನ ಯಾಕೆ ಹಿಂದೆ ಸರಿದರು? ಆತ್ಮಸಾಕ್ಷಿ ಅಂತ ಒಂದೇ ಸಾಲಿನಲ್ಲಿ ಬರೆದರೆ ಕಥೆ ಚೆನ್ನಾಗಿರುತ್ತದೆ, ಉತ್ತರ ಅರ್ಧ ಆಗುತ್ತದೆ. ಕಾಯ್ದೆಯ ಮಾತನ್ನೇ ನೋಡಿ. ಸಂಪುಟದವರು ತಮ್ಮನ್ನು ನೇಮಿಸಿದ ಅಧ್ಯಕ್ಷರ ಅವಧಿ ಮತ್ತು ಅದರ ಮೇಲೆ ಒಂದು ತಿಂಗಳು ಇರಬಹುದು ಅಂತ ಇತ್ತು. ಸ್ಟಾಂಟನ್ ಅವರನ್ನು 1862ರಲ್ಲಿ ನೇಮಿಸಿದ್ದು ಲಿಂಕನ್. ಹಾಗಾದರೆ ಅವರಿಗೆ ಈ ರಕ್ಷಣೆ ಇತ್ತೇ ಇಲ್ಲವೇ? ಇದರ ಜೊತೆಗೆ, ಜಾನ್ಸನ್ ಹೋದರೆ ಆ ಜಾಗಕ್ಕೆ ಬರುವವರು ಸೆನೆಟ್ಟಿನ ಹಂಗಾಮಿ ಅಧ್ಯಕ್ಷ ಬೆಂಜಮಿನ್ ವೇಡ್. ಅವರು ಕೆಲವು ರಿಪಬ್ಲಿಕನ್ನರಿಗೇ ಆಗುತ್ತಿರಲಿಲ್ಲ. ಜಾನ್ಸನ್ ಕೂಡ ಅಷ್ಟು ಹೊತ್ತಿಗೆ ಮೆತ್ತಗಾಗಿ, ಎಲ್ಲರೂ ಒಪ್ಪುವ ಜನರಲ್ ಸ್ಕೋಫೀಲ್ಡ್ ಹೆಸರನ್ನು ಯುದ್ಧ ಖಾತೆಗೆ ಸೂಚಿಸಿದ್ದರು. ನನಗನಿಸುವಂತೆ ಆ ಒಂದು ಮತದ ಅಂತರದಲ್ಲಿ ತತ್ವವೂ ಇದೆ, ಲೆಕ್ಕಾಚಾರವೂ ಇದೆ.

ಪ್ರಶ್ನೆ ಬಗೆಹರಿಸಿದ ಪೋಸ್ಟ್‌ಮಾಸ್ಟರ್

ಅಧಿಕಾರಾವಧಿ ಕಾಯ್ದೆ 1887ರಲ್ಲಿ ರದ್ದಾಯಿತು. ಕೋರ್ಟು ಉತ್ತರ ಹೇಳಿದ್ದು 1926ರಲ್ಲಿ, ಅದೂ ಸಂಪುಟದವರ ಪ್ರಕರಣದಲ್ಲಿ ಅಲ್ಲ. ಆರೆಗಾನ್‌ನ ಪೋರ್ಟ್‌ಲ್ಯಾಂಡಿನ ಪೋಸ್ಟ್‌ಮಾಸ್ಟರ್ ಫ್ರಾಂಕ್ ಮಯರ್ಸ್ ಅವರನ್ನು 1920ರಲ್ಲಿ ವಿಲ್ಸನ್ ಆಡಳಿತ ತೆಗೆದುಹಾಕಿತ್ತು. ಇಂಥ ಪೋಸ್ಟ್‌ಮಾಸ್ಟರುಗಳನ್ನು ತೆಗೆಯಲು ಸೆನೆಟ್ ಒಪ್ಪಿಗೆ ಬೇಕು ಅಂತ 1876ರ ಕಾನೂನು ಹೇಳುತ್ತಿತ್ತು. ಮಯರ್ಸ್ ಕೇಳಿದ್ದು 8,838 ಡಾಲರ್ 71 ಸೆಂಟ್ ಬಾಕಿ ಸಂಬಳ. ತೀರ್ಪು ಬರುವ ಮೊದಲೇ ಅವರು ತೀರಿಕೊಂಡರು. ತೀರ್ಪು 6–3, ಅಧ್ಯಕ್ಷರ ಪರ. ಬರೆದವರು ಮುಖ್ಯ ನ್ಯಾಯಮೂರ್ತಿ ಟಾಫ್ಟ್, ಅಂದರೆ ಹಿಂದೆ ತಾವೇ ಅಧ್ಯಕ್ಷರಾಗಿದ್ದವರು! ಸತ್ತುಹೋಗಿದ್ದ 1867ರ ಕಾಯ್ದೆಯೂ ಅಸಿಂಧು ಆಗಿತ್ತು ಅಂತ ಅದರಲ್ಲೇ ಸೇರಿಸಿದರು. ಜಾನ್ಸನ್ ಗೆದ್ದರು, 58 ವರ್ಷ ತಡವಾಗಿ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ 1935ರಲ್ಲಿ ತಿರುವು. ವ್ಯಾಪಾರದ ಮೇಲೆ ಕಣ್ಣಿಡುವ ಸ್ವತಂತ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ನಿನ ಸದಸ್ಯ ವಿಲಿಯಂ ಹಂಫ್ರಿ ಅವರನ್ನು ರೂಸ್‌ವೆಲ್ಟ್ 1933ರಲ್ಲಿ ತೆಗೆದಿದ್ದರು. ತಪ್ಪು ಮಾಡಿದರು ಅಂತ ಅಲ್ಲ, ಇಬ್ಬರ ಮನಸ್ಸು ಹೊಂದುವುದಿಲ್ಲ ಅಂತ. ಕಾನೂನಿನಲ್ಲಿ ಇದ್ದ ಕಾರಣಗಳು ಅದಕ್ಷತೆ, ಕರ್ತವ್ಯಲೋಪ, ದುರ್ನಡತೆ. ಮನಸ್ಸು ಹೊಂದದಿರುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಸುಪ್ರೀಂ ಕೋರ್ಟ್ ಒಮ್ಮತದಿಂದ ರೂಸ್‌ವೆಲ್ಟ್ ವಿರುದ್ಧ ತೀರ್ಪು ಕೊಟ್ಟಿತು. ಹಂಫ್ರಿ ಕೂಡ ಆ ಹೊತ್ತಿಗೆ ಬದುಕಿರಲಿಲ್ಲ.

1973ರ ಅಕ್ಟೋಬರ್ 20ರ ಕಥೆ ನಿಮಗೆ ಗೊತ್ತಿರುತ್ತದೆ. ಅಧ್ಯಕ್ಷರ ಕಡೆಯವರೇ ಸಿಕ್ಕಿಬಿದ್ದಿದ್ದ ವಾಟರ್‌ಗೇಟ್ ಹಗರಣದ ತನಿಖೆ ಮಾಡುತ್ತಿದ್ದ ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ತೆಗೆಯಿರಿ ಅಂತ ಅಧ್ಯಕ್ಷ ನಿಕ್ಸನ್ ಹೇಳಿದರು. ಅಟಾರ್ನಿ ಜನರಲ್ ರಿಚರ್ಡ್‌ಸನ್ ರಾಜೀನಾಮೆ ಕೊಟ್ಟರು, ಅವರ ಕೆಳಗಿನ ರಕಲ್‌ಹೌಸ್ ಕೂಡ ಕೊಟ್ಟರು, ಮೂರನೆಯವರಾದ ಬೋರ್ಕ್ ಆದೇಶ ಜಾರಿ ಮಾಡಿದರು.

2025ಕ್ಕೆ ಬಂದರೆ ಮತ್ತೆ ಅದೇ ಖಾಲಿ ಜಾಗ. ಟ್ರಂಪ್ ಎರಡನೇ ಅವಧಿ ಶುರುವಾದ ನಾಲ್ಕೇ ದಿನಕ್ಕೆ ಸುಮಾರು 17 ಇನ್‌ಸ್ಪೆಕ್ಟರ್ ಜನರಲ್‌ಗಳನ್ನು (ಪೊಲೀಸರಲ್ಲ, ಇಲಾಖೆಗಳ ಒಳಗಿನ ಅಕ್ರಮ ತನಿಖೆ ಮಾಡುವವರು) ತೆಗೆದರು. ಕಾಂಗ್ರೆಸ್ಸಿಗೆ 30 ದಿನ ಮೊದಲೇ ಕಾರಣ ಸಹಿತ ತಿಳಿಸಬೇಕು ಅಂತ ಕಾನೂನಿದೆ. ಇದು ಕಾನೂನುಬಾಹಿರ ಅಂತ ಸೆಪ್ಟೆಂಬರ್‌ನಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶೆ ಹೇಳಿದರು, ಆದರೆ ಅವರನ್ನು ವಾಪಸ್ ಕೂರಿಸಲಿಲ್ಲ. ಮೇ 22ರಂದು ಸುಪ್ರೀಂ ಕೋರ್ಟ್, ಎರಡು ಸ್ವತಂತ್ರ ಮಂಡಳಿಗಳಿಂದ ತೆಗೆಯಲ್ಪಟ್ಟ ಸದಸ್ಯರು ವ್ಯಾಜ್ಯ ಮುಗಿಯುವವರೆಗೆ ಹೊರಗೇ ಇರಲಿ ಅಂತ ಆದೇಶ ಕೊಟ್ಟಿತು. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಮಾತ್ರ ಬೇರೆ ಬಗೆಯ ಸಂಸ್ಥೆ ಅಂತ ಅದರಲ್ಲೇ ಒಂದು ಮಾತು ಸೇರಿಸಿತು.

ಮುಂದಿನ ಜಗಳ ಆ ಬಾಗಿಲಿಗೇ ಬಂತು. ಬಡ್ಡಿದರ ಇಳಿಸಿ ಅಂತ ಟ್ರಂಪ್ ತಿಂಗಳುಗಟ್ಟಲೆ ಒತ್ತಾಯ ಮಾಡುತ್ತಿದ್ದರು. ಆಗಸ್ಟ್‌ನಲ್ಲಿ ಆ ಬ್ಯಾಂಕಿನ ಗವರ್ನರುಗಳಲ್ಲಿ ಒಬ್ಬರಾದ ಲೀಸಾ ಕುಕ್ ಅವರನ್ನು ತೆಗೆದಿದ್ದೇನೆ ಅಂತ ಘೋಷಿಸಿದರು. ಕೊಟ್ಟ ಕಾರಣ ಬಡ್ಡಿದರ ಅಲ್ಲ, ಗೃಹಸಾಲದ ದಾಖಲೆಗಳ ಬಗೆಗಿನ ಒಂದು ಆರೋಪ. ಕುಕ್ ಅದನ್ನು ಅಲ್ಲಗಳೆದು ಕೋರ್ಟಿಗೆ ಹೋದರು. ‘ಕಾರಣವಿದ್ದರೆ’ ಗವರ್ನರುಗಳನ್ನು ತೆಗೆಯಬಹುದು ಅಂತ ಫೆಡರಲ್ ರಿಸರ್ವ್ ಕಾಯ್ದೆ ಹೇಳುತ್ತದೆ. ಎಂಥ ಕಾರಣ ಅಂತ ಬಿಡಿಸಿ ಹೇಳಿಲ್ಲ.