ಲ್ಯಾಬಿನ ಬೀಗದ ಕೈ

ನಾನು ಓದಿದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕಿತ್ತು. ಮಾನಿಟರಿಗೆ ಹೊದಿಸಿದ ಬಟ್ಟೆಯನ್ನು ಮೇಷ್ಟ್ರೇ ತೆಗೆಯುತ್ತಿದ್ದರು. ಒಂದು ಯಂತ್ರಕ್ಕೆ ನಾಲ್ವರು. ಮೌಸ್ ಒಬ್ಬನ ಕೈಯಲ್ಲಿ, ಉಳಿದ ಮೂವರು ಅವನ ಹೆಗಲ ಮೇಲಿಂದ ಇಣುಕುವವರು. ನನ್ನ ಸರದಿ ಬರುವಷ್ಟರಲ್ಲಿ ಬೆಲ್ ಹೊಡೆಯುತ್ತಿತ್ತು, ಇಲ್ಲವೇ ಕರೆಂಟ್ ಹೋಗುತ್ತಿತ್ತು. ಬೀಗದ ಕೈ ಇದ್ದದ್ದು ಹೆಡ್‌ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿ. ಅವರು ಮೀಟಿಂಗಿಗೆ ಹೋದ ದಿನ ಲ್ಯಾಬೂ ಇಲ್ಲ. 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವಾಗ ಒತ್ತಕ್ಷರ ಮೂಡಿಸಲು ಎಫ್ ಕೀಲಿ ಒತ್ತಬೇಕೆಂದು ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ.

ಶಾಲೆಗೆ ಪ್ರತ್ಯೇಕ ಲ್ಯಾಬ್ ಬೇಕೋ, ತರಗತಿಗೇ ಲ್ಯಾಪ್‌ಟಾಪ್ ತಂದರೆ ಸಾಕೋ ಎಂಬ ಮಾತು ಶಿಕ್ಷಕರ ನಡುವೆ ಆಗಾಗ ಏಳುತ್ತಿರುತ್ತದೆ. ಕೇಳಿದರೆ ಇದು ಬರೀ ಖರೀದಿಯ ಲೆಕ್ಕಾಚಾರ ಅನ್ನಿಸುತ್ತದೆ. ಹಿಂದಿನ ನಲವತ್ತು ವರ್ಷಗಳನ್ನು ತಿರುವಿ ಹಾಕಿದಾಗ ನನಗೆ ಕಂಡದ್ದು ಬೇರೆ: ಯಂತ್ರ ಯಾವ ಕೋಣೆಯಲ್ಲಿದ್ದರೂ, ಅದು ಯಾರ ಕೈಗೆ ಸಿಕ್ಕಿತು ಎಂಬುದರ ಮೇಲೇ ಮಕ್ಕಳ ಕಲಿಕೆ ನಿಂತಿತ್ತು.

ಭಾರತದ ಶಾಲೆಗಳಿಗೆ ಸರ್ಕಾರಿ ಯೋಜನೆಯೊಂದರ ಮೂಲಕ ಕಂಪ್ಯೂಟರ್ ಬಂದದ್ದು 1984ರಲ್ಲಿ. 'ಕ್ಲಾಸ್' ಎಂಬ ಆ ಯೋಜನೆಗೆ ಆಯ್ದುಕೊಂಡದ್ದು ಸುಮಾರು 250 ಶಾಲೆಗಳನ್ನು. ಬಂದ ಯಂತ್ರ ಬ್ರಿಟನ್ನಿನ ಬಿಬಿಸಿ ಮೈಕ್ರೊ. ಅದರ ಮೆಮೊರಿ 32 ಕಿಲೋಬೈಟ್, ಭಾಷೆ ಇಂಗ್ಲಿಷ್. ಬೆಲೆಬಾಳುವ ವಸ್ತು, ಧೂಳು ತಾಗಬಾರದು, ಕಳ್ಳತನವಾಗಬಾರದು. ಹಾಗಾಗಿ ಅದಕ್ಕೊಂದು ಕೋಣೆ, ಕಿಟಕಿಗೆ ಸರಳು, ಬಾಗಿಲಿಗೆ ಬೀಗ, ಸ್ಟಾಕ್ ರಿಜಿಸ್ಟರಿನಲ್ಲಿ ನಮೂದು. ಮಕ್ಕಳು ಹೇಗೆ ಕಲಿಯುತ್ತಾರೆಂದು ಯೋಚಿಸಿ ಮಾಡಿದ ಏರ್ಪಾಡಲ್ಲ ಇದು; ಸಾಮಾನು ಕಾಯುವ ಏರ್ಪಾಡು. ಏನಾದರೂ ಕೆಟ್ಟರೆ ಚಾರ್ಜ್ ವಹಿಸಿಕೊಂಡವರೇ ಉತ್ತರ ಹೇಳಬೇಕೆಂಬ ಭಯ ಇರುವವರೆಗೆ ಯಾವ ಮೇಷ್ಟ್ರು ತಾನೇ ಮಕ್ಕಳನ್ನು ಧೈರ್ಯವಾಗಿ ಒಳಗೆ ಬಿಟ್ಟಾರು?

ಹೊಸ ಶತಮಾನದ ಆರಂಭದಲ್ಲಿ ಕರ್ನಾಟಕದಲ್ಲಿ 'ಮಾಹಿತಿ ಸಿಂಧು' ಬಂತು, ಸರ್ಕಾರಿ ಪ್ರೌಢಶಾಲೆಗಳಲ್ಲಿ ಲ್ಯಾಬುಗಳು ತೆರೆದವು. 2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಶಾಲೆಗಳ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆಯನ್ನು ಶುರು ಮಾಡಿತು. ಒಂದು ಸರ್ವರ್, ಅದಕ್ಕೆ ಜೋಡಿಸಿದ ಹತ್ತು ಕಂಪ್ಯೂಟರ್ ಎಂಬ ಲೆಕ್ಕ ನೆಲೆಯೂರಿದ್ದು ಈ ಯೋಜನೆಯಿಂದ. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಇದಕ್ಕೆ 'ಬೂಟ್' ಎಂಬ ಗುತ್ತಿಗೆಯ ದಾರಿ ಹಿಡಿದವು. ಕಂಪನಿಯೇ ಲ್ಯಾಬ್ ಕಟ್ಟಬೇಕು, ಐದು ವರ್ಷ ತಾನೇ ನಡೆಸಬೇಕು, ಆಮೇಲೆ ಶಾಲೆಗೆ ಬಿಟ್ಟುಕೊಡಬೇಕು. ಪಾಠ ಹೇಳುವವರೂ ಕಂಪನಿಯವರೇ, ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದ ಗುತ್ತಿಗೆ ಯುವಕ ಯುವತಿಯರು. ಗಣಿತದ ಮೇಷ್ಟ್ರಿಗೂ ಲ್ಯಾಬಿಗೂ ಸಂಬಂಧವಿರಲಿಲ್ಲ, ವಿಜ್ಞಾನದ ಟೀಚರಿಗೂ ಇರಲಿಲ್ಲ. ಕಂಪ್ಯೂಟರ್ ಎಂದರೆ ಪಕ್ಕದ ಕೋಣೆಯಲ್ಲಿ ಬೇರೆ ಯಾರೋ ಹೇಳಿಕೊಡುವ ಇನ್ನೊಂದು ಸಬ್ಜೆಕ್ಟ್ ಆಗಿಹೋಯಿತು. ಐದು ವರ್ಷ ಕಳೆದು ಗುತ್ತಿಗೆ ಮುಗಿದಾಗ ಕಲಿಸುತ್ತಿದ್ದವರು ಹೊರಟರು. ಶಾಲೆಗೆ ಉಳಿದದ್ದು ವಯಸ್ಸಾದ ಯಂತ್ರಗಳು, ಜೀವ ಹೋದ ಯುಪಿಎಸ್ ಬ್ಯಾಟರಿಗಳು. ಈ ಅಧ್ಯಾಯದಲ್ಲಿ ವ್ಯರ್ಥವಾದ ಹಣಕ್ಕಿಂತ, ಶಿಕ್ಷಕರು ಹೊರಗೇ ಉಳಿದುಬಿಟ್ಟರಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ.

ಅದೇ ಕಾಲದಲ್ಲಿ ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. 2001ರಲ್ಲಿ ಆರಂಭವಾದ 'ಐಟಿ ಅಟ್ ಸ್ಕೂಲ್' ಯೋಜನೆಯಲ್ಲಿ ತರಬೇತಿ ಕೊಟ್ಟವರೂ ಪಡೆದವರೂ ಶಾಲಾ ಶಿಕ್ಷಕರೇ. ಲ್ಯಾಬಿನ ಹೊಣೆ ಹೊತ್ತವರೂ ಅವರೇ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಸ್ವತಂತ್ರ ತಂತ್ರಾಂಶ ಬಳಸಿದ್ದರಿಂದ ಪರವಾನಗಿಯ ಖರ್ಚು ತಪ್ಪಿತು, ಮಲಯಾಳಂ ತೆರೆಯ ಮೇಲೆ ಬಂತು. ಇಲ್ಲೂ ಇದ್ದದ್ದು ಲ್ಯಾಬೇ. ಬೀಗದ ಕೈ ಮಾತ್ರ ಪಾಠ ಮಾಡುವವರ ಜೇಬಿನಲ್ಲಿತ್ತು.

ಲ್ಯಾಬಿನಿಂದ ಏನೂ ಆಗುವುದಿಲ್ಲ ಎನ್ನುವವರು ವಡೋದರಾದ ಅನುಭವವನ್ನೊಮ್ಮೆ ನೋಡಬೇಕು. 2000ದಲ್ಲಿ ಗುಜರಾತ್ ಸರ್ಕಾರ ಅಲ್ಲಿನ ನಗರಪಾಲಿಕೆ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. ಅವುಗಳಲ್ಲಿ ಮಕ್ಕಳು ಮುಟ್ಟಿದವು ತೀರಾ ಕಡಿಮೆ. 'ಪ್ರಥಮ್' ಎಂಬ ಸ್ವಯಂಸೇವಾ ಸಂಸ್ಥೆ ಅವೇ ಯಂತ್ರಗಳಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಗಣಿತದ ಆಟಗಳನ್ನು ಹಾಕಿಕೊಟ್ಟಿತು. ವಾರಕ್ಕೆ ಎರಡು ಗಂಟೆ, ಯಂತ್ರಕ್ಕೆ ಇಬ್ಬರು ಮಕ್ಕಳು. ಗಣಿತದ ಅಂಕಗಳು ಚೆನ್ನಾಗಿಯೇ ಏರಿದವು. ಕಾರ್ಯಕ್ರಮ ಮುಗಿದು ವರ್ಷ ಕಳೆದಾಗ ಆ ಲಾಭದ ಬಹುಪಾಲು ಕರಗಿತ್ತು ಎಂಬುದನ್ನೂ ಹೇಳಬೇಕು.

ಲ್ಯಾಬನ್ನೇ ಬಿಟ್ಟು ಪ್ರತಿ ಮಗುವಿಗೂ ಒಂದು ಯಂತ್ರ ಕೊಡಬೇಕೆಂಬ ಆಲೋಚನೆ ಹೊರದೇಶಗಳಲ್ಲಿ ಮೊಳೆತದ್ದು. ಮೆಲ್ಬರ್ನಿನ ಮೆಥಡಿಸ್ಟ್ ಲೇಡೀಸ್ ಕಾಲೇಜು ಎಂಬ ಶಾಲೆ 1990ರಲ್ಲೇ ವಿದ್ಯಾರ್ಥಿನಿಯರ ಕೈಗೆ ಲ್ಯಾಪ್‌ಟಾಪ್ ಕೊಟ್ಟಿತು. ಅಮೆರಿಕದ ಮೇನ್ ರಾಜ್ಯ 2002ರಲ್ಲಿ ಏಳನೇ ತರಗತಿಯ ಎಲ್ಲ ಮಕ್ಕಳಿಗೂ, ಅವರ ಶಿಕ್ಷಕರಿಗೂ ಕೊಟ್ಟಿತು. 2005ರಲ್ಲಿ ಅಮೆರಿಕದ ಕಂಪ್ಯೂಟರ್ ತಜ್ಞ ನಿಕೊಲಸ್ ನೆಗ್ರೊಪಾಂಟೆ ನೂರು ಡಾಲರಿನ ಲ್ಯಾಪ್‌ಟಾಪ್ ಕನಸನ್ನು ಜಗತ್ತಿನ ಮುಂದಿಟ್ಟರು. ಮರುವರ್ಷ ಭಾರತದ ಶಿಕ್ಷಣ ಇಲಾಖೆ ಅದನ್ನು ಒಪ್ಪದೆ, ನಮಗೆ ಮೊದಲು ಬೇಕಾದದ್ದು ತರಗತಿ ಕೋಣೆ ಮತ್ತು ಶಿಕ್ಷಕರು ಎಂದಿತು. ಪೆರು ದೇಶ ಒಪ್ಪಿತು, ಲಕ್ಷಗಟ್ಟಲೆ ಹಸಿರು ಬಿಳಿ ಲ್ಯಾಪ್‌ಟಾಪುಗಳನ್ನು ಹಳ್ಳಿಗಳಿಗೆ ಹಂಚಿತು. ಅಲ್ಲಿನ 300ಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಲ್ಲಿ ನಡೆದ ಅಧ್ಯಯನ 2012ರಲ್ಲಿ ಹೊರಬಂತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳು ಮುಂದೆ ಹೋದ ಸುಳಿವು ಅದರಲ್ಲಿ ಸಿಗಲಿಲ್ಲ. ಯಂತ್ರವೇನೋ ಮಗುವಿನ ಕೈ ಸೇರಿತ್ತು, ಅದರಿಂದ ಏನು ಮಾಡಿಸಬೇಕೆಂದು ಶಿಕ್ಷಕರಿಗೆ ಸರಿಯಾಗಿ ಹೇಳಿಕೊಟ್ಟವರಿರಲಿಲ್ಲ. ನಮ್ಮಲ್ಲಿ ಶಿಕ್ಷಕರಿಲ್ಲದ ಲ್ಯಾಬು, ಅಲ್ಲಿ ಶಿಕ್ಷಕರಿಲ್ಲದ ಲ್ಯಾಪ್‌ಟಾಪು.

ಈಚಿನ ದಾರಿ ಎರಡರ ನಡುವಿನದು. 2018ರ ಹೊತ್ತಿಗೆ ಕೇರಳ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರ್ ಒದಗಿಸುವ ಕೆಲಸಕ್ಕೆ ಕೈಹಾಕಿತ್ತು. ಕರ್ನಾಟಕದ 'ಟಾಲ್ಪ್' ಯೋಜನೆ ವಿಷಯ ಶಿಕ್ಷಕರಿಗೇ ತರಬೇತಿ ಕೊಟ್ಟು, ಗುತ್ತಿಗೆಯ ಕಾಲದ ತಪ್ಪನ್ನು ತಿದ್ದಲು ಹೊರಟಿತು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಜೀವಶಾಸ್ತ್ರದ ಟೀಚರ್ ಹೃದಯದ ಕವಾಟ ತೆರೆದು ಮುಚ್ಚುವುದನ್ನು ಗೋಡೆಯ ಮೇಲೆ ತೋರಿಸಿದಾಗ ಹಿಂದಿನ ಬೆಂಚಿನವರೂ ಕತ್ತೆತ್ತುತ್ತಾರೆ. ಆದರೆ ಹೀಗೆ ತರಗತಿಗೆ ಬಂದ ಲ್ಯಾಪ್‌ಟಾಪ್ ಟೀಚರದ್ದು. ನಲವತ್ತು ಮಕ್ಕಳು ನೋಡುತ್ತಾರೆ, ಒಬ್ಬರೂ ಮುಟ್ಟುವುದಿಲ್ಲ. ಲ್ಯಾಬಿನಲ್ಲಿ ಮೂವರು ಇಣುಕುತ್ತಿದ್ದರು, ಇಲ್ಲಿ ಇಡೀ ತರಗತಿ ಇಣುಕುತ್ತದೆ. ದೇಶದಲ್ಲಿ ಕಂಪ್ಯೂಟರ್ ಇರುವ ಶಾಲೆಗಳೇ 2023-24ರ ಸರ್ಕಾರಿ ಅಂಕಿಅಂಶದ ಪ್ರಕಾರ ಶೇ 57ರಷ್ಟು. ಹೀಗಿರುವಾಗ ಪ್ರೊಜೆಕ್ಟರ್ ಬಂತೆಂದು ಲ್ಯಾಬಿನ ಕೋಣೆಯನ್ನು ಉಗ್ರಾಣ ಮಾಡುವುದು ತಪ್ಪು. ತೋರಿಸಲು ತರಗತಿ ಬೇಕು, ಕೈಯಾಡಿಸಲು ಲ್ಯಾಬ್ ಬೇಕು.

ಕಳೆದ ವರ್ಷ ಪರಿಚಯದ ಶಿಕ್ಷಕಿಯೊಬ್ಬರ ಪ್ರೌಢಶಾಲೆಗೆ ಹೋಗಿದ್ದೆ. ಪಾಠ ಮುಗಿದ ಮೇಲೆ ಅವರು ಪ್ರೊಜೆಕ್ಟರ್ ಆರಿಸಿ, ಲ್ಯಾಪ್‌ಟಾಪನ್ನು ಮುಂದಿನ ಬೆಂಚಿನ ಮೇಲಿಟ್ಟು, ತಾವು ಪಕ್ಕಕ್ಕೆ ಸರಿದು ನಿಂತರು. ಒಬ್ಬ ಹುಡುಗಿ 'ಅಮ್ಮ' ಎಂದು ಬರೆಯಲು ಹೊರಟಳು. ತೆರೆಯ ಮೇಲೆ 'ಅಮಮ' ಎಂದು ಮೂಡಿತು. ಅಳಿಸಿದಳು, ಮತ್ತೆ ಬರೆದಳು, ಮತ್ತೆ ಅದೇ. ತಿರುಗಿ ಟೀಚರ ಮುಖ ನೋಡಿದಳು.

"ಎರಡು 'ಮ' ನಡುವೆ ಎಫ್ ಒತ್ತು ನೋಡಮ್ಮ" ಅಂದರು ಅವರು, ಕೈ ಕಟ್ಟಿಕೊಂಡೇ.

ಹುಡುಗಿ ಒತ್ತಿದಳು. ಅವಳ ಹಿಂದೆ ಆಗಲೇ ಏಳೆಂಟು ಮಕ್ಕಳು ಸಾಲುಗಟ್ಟಿದ್ದರು.