ಅಥಣಿಯ ಕೈಕೆಲಸ, ಕೊಲ್ಹಾಪುರದ ಹೆಸರು: ಚಪ್ಪಲಿ ಕಸುಬಿನ ಸೀಮೆಯ ಬಗ್ಗೆ ಒಂದು ಟಿಪ್ಪಣಿ

ಕೊಲ್ಹಾಪುರಿ ಚಪ್ಪಲಿ ಯಾವ ರಾಜ್ಯದ್ದು ಎಂದು ಪರೀಕ್ಷೆಯಲ್ಲಿ ಕೇಳಿದರೆ ನಮ್ಮಲ್ಲಿ ಬಹಳ ಮಂದಿ ಮಹಾರಾಷ್ಟ್ರ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅದು ಅರ್ಧ ಉತ್ತರ. 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಎಂಟು ಜಿಲ್ಲೆಗಳಿಗೆ ಸೇರಿದ್ದು: ಆ ಕಡೆ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಈ ಕಡೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ನಮ್ಮ ಭಾಗದಲ್ಲಿ ಕಸುಬು ದಟ್ಟವಾಗಿರುವುದು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆ. ಅಥಣಿ ತಾಲ್ಲೂಕಿನ ಮದಭಾವಿ ಈ ಕೆಲಸಕ್ಕೇ ಹೆಸರಾದ ಊರು.

ಹಾಗಾದರೆ ಹೆಸರು ಕೊಲ್ಹಾಪುರಕ್ಕೆ ಯಾಕೆ ಹೋಯಿತು? ಪೇಟೆ ಅಲ್ಲಿತ್ತು. ಕೊಲ್ಹಾಪುರದ ಅರಸು ಶಾಹು ಮಹಾರಾಜರ ಕಾಲದ ರಾಜಾಶ್ರಯವೂ ಅಲ್ಲೇ ಸಿಕ್ಕಿತು. 1956ರ ತನಕ ಬೆಳಗಾವಿ, ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಗಳು ಮುಂಬೈ ರಾಜ್ಯದಲ್ಲೇ ಇದ್ದುದರಿಂದ ಮಾಲು ಎಲ್ಲಿ ಹೊಲಿದದ್ದು ಎಂಬುದು ಯಾರಿಗೂ ದೊಡ್ಡ ಸಂಗತಿಯಾಗಿರಲಿಲ್ಲ. ಗಡಿ ಬಿದ್ದ ಮೇಲೂ ವ್ಯಾಪಾರ ಹಳೆಯ ದಾರಿಯಲ್ಲೇ ನಡೆಯಿತು. (ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಳೆಯ ದಾಖಲೆ ಓದುವಾಗ ಅದನ್ನು ವಿಜಾಪುರದೊಳಗೇ ಹುಡುಕಬೇಕು.)

ನನ್ನ ಮಟ್ಟಿಗೆ ಈ ಇತಿಹಾಸದ ಜೀವ ಇರುವುದು ತೊಗಲು ಹದ ಮಾಡುವ ಕೆಲಸದಲ್ಲಿ. ಪುಸ್ತಕಗಳು ವಿನ್ಯಾಸದ ಬಗ್ಗೆ ಪುಟ ತುಂಬಿಸಿ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಾರೆ. ಆಮೇಲೆ ಅದನ್ನು ಚೀಲದ ಹಾಗೆ ಹೊಲಿದು ಮರದ ಅಡ್ಡಕ್ಕೆ ತೂಗುಹಾಕಿ, ಒಳಗೆ ಕುಟ್ಟಿದ ಜಾಲಿ ತೊಗಟೆ, ಅಳಲೆಕಾಯಿ, ನೀರು ತುಂಬುತ್ತಾರೆ. ಒಗರು ನೀರು ಒಳಗಿನಿಂದ ಜಿನುಗುತ್ತ ತೊಗಲಿಗೆ ಕಂದು ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ, ರಾಸಾಯನಿಕ ಬೇಕಿಲ್ಲ. ಪರಂಪರೆಯಲ್ಲಿ ಇದು ಢೋರರ ಕೆಲಸ. ಹದವಾದ ತೊಗಲು ಸಮಗಾರರ ಕೈಗೆ ಬಂದ ಮೇಲೆ ಚಪ್ಪಲಿ. ಅದರ ಅಡಿಭಾಗಕ್ಕೆ ದಪ್ಪನೆಯ ಎಮ್ಮೆ ತೊಗಲು. ಹೊಲಿಗೆಯೂ ತೊಗಲಿನ ದಾರದ್ದೇ, ಮೊಳೆ ಇಲ್ಲ. ಕತ್ತರಿಸುವುದು, ಅಡಿ ಕೂಡಿಸುವುದು ಹೆಚ್ಚಾಗಿ ಗಂಡಸರ ಪಾಲು. ಪಟ್ಟಿ ಹೆಣೆಯುವುದು, ಹೊಲಿಯುವುದು ಹೆಂಗಸರದ್ದು. ದುಡ್ಡು ಎಣಿಸುವಾಗ ಮಾತ್ರ ಹೆಂಗಸರ ಪಾಲು ಬಹಳ ಕಾಲ ಲೆಕ್ಕಕ್ಕೆ ಬರಲಿಲ್ಲ. 1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ಶುರುವಾದ ಟೋಹೋಲ್ಡ್ ಕುಶಲಕರ್ಮಿಗಳ ಒಕ್ಕೂಟ ಸ್ವಸಹಾಯ ಸಂಘಗಳ ಮೂಲಕ ಈ ಹೆಂಗಸರನ್ನೇ ಮುಂದೆ ತಂದದ್ದು ಅದಕ್ಕಾಗಿ ಮುಖ್ಯ.

ಈ ಎರಡು ಕಸುಬುಗಳ ಹೆಸರು 12ನೇ ಶತಮಾನದ ಶರಣರಲ್ಲೂ ಸಿಗುತ್ತದೆ: ಡೋಹರ (ಢೋರ) ಕಕ್ಕಯ್ಯ, ಸಮಗಾರ ಹರಳಯ್ಯ. ಹರಳಯ್ಯ ದಂಪತಿ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ್ದು ಭಕ್ತಿಯ ಕಥೆ. ಉತ್ತರಪತ್ರಿಕೆಯಲ್ಲಿ ಅದನ್ನು ಕಥೆ ಎಂದೇ ಬರೆಯಿರಿ. ಅಥಣಿಯ ಕಸುಬಿಗೆ ಪುರಾವೆಯಾಗಿ ತರಬೇಡಿ.

ಪ್ರಚಲಿತ ವಿದ್ಯಮಾನಕ್ಕೆ: 2025ರ ಜೂನ್‌ನಲ್ಲಿ ಮಿಲಾನ್ ಪ್ರದರ್ಶನದಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಇದೇ ಮಾದರಿಯನ್ನು ಮೂಲ ಹೇಳದೆ ತೋರಿಸಿತು. ಗದ್ದಲವಾದ ಮೇಲೆ ಒಪ್ಪಿಕೊಂಡು, ಡಿಸೆಂಬರ್‌ನಲ್ಲಿ ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಮಹಾರಾಷ್ಟ್ರದ್ದು ಲಿಡ್‌ಕಾಮ್, ನಮ್ಮದು ಲಿಡ್ಕರ್. ಬಹು ಆಯ್ಕೆಯ ಪ್ರಶ್ನೆಯಲ್ಲಿ ಇವೆರಡನ್ನೂ ಅದಲುಬದಲು ಮಾಡಿ ಕೊಡುವ ಸಾಧ್ಯತೆ ಹೆಚ್ಚು.