ಕರಿಬೇವಿಗೆ ಬಿದ್ದ ಹುಳಕ್ಕೆ ಔಷಧಿ ಹೊಡೆಯಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಮನೆ. ಚಿಟ್ಟೆಗಳು ಬರಲಿ ಅಂತ ಹಿತ್ತಲಲ್ಲಿ ಹೂಗಿಡ ಹಾಕಿದ್ದೇವೆ. ಈಗ ಕರಿಬೇವಿಗೆ ಹಸಿರು ಹುಳ ಬಿದ್ದು ಚಿಗುರೆಲ್ಲ ತಿಂದು ಹಾಕಿವೆ. ಯಾವ ಔಷಧಿ ಹೊಡೆಯೋದು?

ಉತ್ತರ: ದಯವಿಟ್ಟು ಏನೂ ಹೊಡೆಯಬೇಡಿ. ನೀವು ಕಾಯುತ್ತಿರುವ ಚಿಟ್ಟೆಗಳೇ ಅವು.

ಹೂವಿಗೆ ಬಂದ ಚಿಟ್ಟೆ ಮಕರಂದ ಕುಡಿದು ಹೋಗಿಬಿಡುತ್ತದೆ. ಅದು ನಿಮ್ಮ ಹಿತ್ತಲಲ್ಲೇ ಸಂಸಾರ ಹೂಡಬೇಕಾದರೆ ಮರಿಹುಳ ತಿನ್ನುವ ಎಲೆ ಬೇಕು. ಆ ಎಲೆ ಎಲ್ಲಕ್ಕೂ ಒಂದೇ ಅಲ್ಲ. ಕರಿಬೇವು, ನಿಂಬೆ ಒಂದೇ ಕುಟುಂಬದವು. ನಿಂಬೆ ಚಿಟ್ಟೆ, ಕಾಮನ್ ಮಾರ್ಮನ್ ಎರಡೂ ಇವುಗಳ ಮೇಲೆ ಮೊಟ್ಟೆ ಇಡುತ್ತವೆ. ಎಕ್ಕದ ಗಿಡ ಇದ್ದರೆ ಪ್ಲೇನ್ ಟೈಗರ್ ಚಿಟ್ಟೆ, ಕಣಗಿಲೆ ಇದ್ದರೆ ಕಾಮನ್ ಕ್ರೋ ಚಿಟ್ಟೆ ಮೊಟ್ಟೆ ಇಡುತ್ತದೆ.

ಬಿಸಿಲು ಬಂದ ಮೇಲೆ ಗಿಡದ ಹತ್ತಿರ ಸುಮ್ನೆ ನಿಂತು ನೋಡಿ. ಹೆಣ್ಣು ಚಿಟ್ಟೆ ಪಟಪಟ ಅಂತ ರೆಕ್ಕೆ ಬಡಿಯುತ್ತಲೇ ಎಳೆ ಚಿಗುರನ್ನು ಕಾಲಿನಿಂದ ಮುಟ್ಟಿ ರುಚಿ ನೋಡುತ್ತದೆ. ಇದೇ ಗಿಡ ಅಂತ ಖಾತ್ರಿಯಾದರೆ ಹೊಟ್ಟೆ ಬಗ್ಗಿಸಿ ಒಂದೇ ಒಂದು ಮೊಟ್ಟೆ ಅಂಟಿಸುತ್ತದೆ. ಸಾಸಿವೆಗಿಂತ ಚಿಕ್ಕದು, ತಿಳಿ ಹಳದಿ. ಮೊದಮೊದಲು ಮರಿಹುಳ ಥೇಟ್ ಹಕ್ಕಿ ಹಿಕ್ಕೆ ಥರ ಇರುತ್ತದೆ, ಯಾವ ಹಕ್ಕಿಯೂ ಮುಟ್ಟಬಾರದು ಅಂತ. ಬೆಳೆದ ಮೇಲೆ ಎಲೆಯದೇ ಹಸಿರು. ಆಗ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೊಂಬು ಹೊರಗೆ ಚಾಚಿ ಘಾಟು ವಾಸನೆ ಬಿಡುತ್ತದೆ. ಕಚ್ಚುವುದಿಲ್ಲ, ಹೆದರಬೇಡಿ. ಆಮೇಲೆ ಕಡ್ಡಿಗೆ ಒಂದು ದಾರ ಸುತ್ತಿಕೊಂಡು ಕೋಶವಾಗುತ್ತದೆ.

ಕರಿಬೇವು ಮತ್ತೆ ಚಿಗುರುತ್ತದೆ, ಅದರ ಚಿಂತೆ ಬೇಡ. ಔಷಧಿ ಹೊಡೆದರೆ ಚಿಟ್ಟೆ ಮಾತ್ರ ಅಲ್ಲ, ಹಕ್ಕಿಯೂ ಸೊರಗುತ್ತದೆ. ಪಿಕಳಾರ, ಟುವ್ವಿ ಹಕ್ಕಿ, ಮಕರಂದ ಕುಡಿಯುವ ಸೂರಕ್ಕಿ ಕೂಡ ತಮ್ಮ ಮರಿಗಳಿಗೆ ಗುಟುಕು ಕೊಡುವುದು ಹುಳುಹುಪ್ಪಟೆಯನ್ನೇ.

ಮೂಡಿಗೆರೆ ಕಡೆಯವರು ಅಂದಿರಲ್ಲ, ಹಾಗಾದರೆ ನನ್ನದೊಂದು ಆಸೆ ಹೇಳುತ್ತೇನೆ. ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಆ ಬಳ್ಳಿ, ಅದರ ಹತ್ತಿರದ ಬಂಧುಗಳ ಮೇಲೆ. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್! ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಚಿನ್ನದ ಹಳದಿ. ಕಾಫಿ ತೋಟದ ಮರಗಳ ನಡುವೆ ಅದು ನಿಧಾನಕ್ಕೆ ತೇಲಿ ಹೋಗುವಾಗ ಹಕ್ಕಿ ಅಂತಲೇ ಅನ್ನಿಸುತ್ತದೆ. ಒಂದು ಎಚ್ಚರಿಕೆ: ನಾಟಿ ಮದ್ದು ಅಂತ ಈ ಬಳ್ಳಿಯ ಬೇರು, ಎಲೆ ತಿನ್ನಬೇಡಿ. ಅದರ ವಿಷ ಕಿಡ್ನಿ ಹಾಳು ಮಾಡುತ್ತದೆ. ಮರಿಹುಳಕ್ಕೆ ಅದೇ ವಿಷ ರಕ್ಷಣೆ.

ಲಂಟಾನ ಮಾತ್ರ ನೆಡಬೇಡಿ. ಚಿಟ್ಟೆ ಬರುವುದು ಹೌದು, ಆದರೆ ಅದು ಕಾಡನ್ನೇ ನುಂಗುವ ಗಿಡ. ಬದಲಿಗೆ ಕೇಪಳ, ದಾಸವಾಳ ಸಾಕು. ಪಾತ್ರೆ ತೊಳೆದ ನೀರು ಹೋಗುವ ಕಡೆ ಸ್ವಲ್ಪ ಮಣ್ಣು ಒದ್ದೆಯಾಗಿಯೇ ಇರಲಿ. ಗಂಡು ಚಿಟ್ಟೆಗಳು ಅಲ್ಲಿ ಕೂತು ಉಪ್ಪಿನಂಶ ಹೀರುತ್ತವೆ.

ನಿಮ್ಮ ಕರಿಬೇವು ತೀರಾ ಚಿಕ್ಕದಾಗಿದ್ದರೆ ಒಂದೆರಡು ಹುಳ ಬಿಟ್ಟು ಉಳಿದವನ್ನು ಎಲೆ ಸಮೇತ ಕಿತ್ತು ನಿಂಬೆ ಗಿಡದ ಮೇಲಿಡಿ. ಬೇರೆ ಗಿಡಕ್ಕೆ ಬಿಟ್ಟರೆ ಉಪವಾಸ ಸಾಯುತ್ತವೆ.